ಕೂಸಿನ ಕೋಣೆಯ ದೀಪ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಳೆಯ ಮನೆಗಳಲ್ಲಿ ಕೂಸು ಮಲಗುವ ಕೋಣೆಗೆ ಇರುಳ ಬೆಳಕೆಂದರೆ ಗೂಡಿನಲ್ಲಿಟ್ಟ ಚಿಮಣಿ. ಅದರ ಮಸಿ ಗೋಡೆಯಂತೆ ಮೂಗಿಗೂ ಹತ್ತುತ್ತಿತ್ತು. ಉರುಳಿದರೆ ಹಾಸಿಗೆಗೇ ಬೆಂಕಿ. ವಿದ್ಯುತ್ತು ಬಂದ ಮೇಲೆ ಆ ಸ್ಥಾನಕ್ಕೆ ‘ಝೀರೋ ಬಲ್ಬು’ ಬಂದಿತು. ಹೆಸರು ಸೊನ್ನೆಯಾದರೂ ಅದು ನುಂಗುತ್ತಿದ್ದುದು 10–15 ವ್ಯಾಟ್. ಇಂದು ಅರ್ಧ ವ್ಯಾಟಿನ ಎಲ್‌ಇಡಿ ದೀಪವೇ ಸಾಕು.

ಆದರೆ ಖರ್ಚಿಗಿಂತ ಬಣ್ಣದ ವಿಚಾರ ದೊಡ್ಡದು. ತಂಪೆಂದು ನೀಲಿ ದೀಪವನ್ನು ಕೊಳ್ಳುವವರು ಬಹಳ. ಕಣ್ಣಿನ ಒಳಪರದೆಯಲ್ಲಿ ನೋಟಕ್ಕಲ್ಲದೆ ಹಗಲಿರುಳನ್ನು ಅರಿಯುವುದಕ್ಕೆಂದೇ ಕೆಲವು ಜೀವಕೋಶಗಳಿವೆಯೆಂಬುದನ್ನು 2002ರಲ್ಲಿ ಡೇವಿಡ್ ಬರ್ಸನ್ ಮೊದಲಾದವರು ತೋರಿಸಿದರು. ನೀಲಿ ಬೆಳಕು ತಾಕಿದರೆ ಅವು ಹಗಲಾಯಿತೆಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಸ್ರಾವ ಕುಗ್ಗುತ್ತದೆ. ಮಕ್ಕಳ ಕಣ್ಣಿನ ಮಸೂರ ತಿಳಿಯಾದುದರಿಂದ ಅವರಿಗೆ ಈ ಬಾಧೆ ಹೆಚ್ಚು. ಮಂದವಾದ ಕೆಂಪು ಬೆಳಕಿಗೆ ಆ ಕೋಶಗಳು ಅಷ್ಟಾಗಿ ಎಚ್ಚರಗೊಳ್ಳುವುದಿಲ್ಲ. ಆದ್ದರಿಂದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ದೀಪವನ್ನು ಆರಿಸಿರೆಂದು ನಾನು ಹೇಳುತ್ತೇನೆ. ಆ ಕಾಯಿಯಂತೆ ಇದಕ್ಕೂ ಬಣ್ಣ ಹೆಚ್ಚು, ಖಾರ ಕಡಿಮೆ.

ದೀಪವಿಟ್ಟು ಮಲಗಿಸಿದರೆ ಕೂಸಿಗೆ ಸಮೀಪದೃಷ್ಟಿದೋಷ ಬರುವುದೆಂಬ ಶಂಕೆ 1999ರಲ್ಲಿ ಹುಟ್ಟಿತು. ಮರುವರ್ಷದ ಪರಿಶೀಲನೆಗಳು ಅದನ್ನು ಸಮರ್ಥಿಸಲಿಲ್ಲ. ತಾಯಂದಿರು ಆ ಭಯವನ್ನು ಬಿಡಬಹುದು.

ಇನ್ನು ಕೂಸಿನ ಭಯ. ಗುಮ್ಮನಿಗೆ ಅಂಜುವ ಮಗುವನ್ನು ಗದರಿಸಿ ಕತ್ತಲೆಯಲ್ಲಿ ಕೆಡಹಿದರೆ ಧೈರ್ಯ ಬರುವುದಿಲ್ಲ. ನಿದ್ದೆ ಕೆಡುತ್ತದೆ, ಅಷ್ಟೆ. ದೀಪವನ್ನು ಕಣ್ಣಿಗೆ ನೇರವಾಗಿ ಬೀಳದಂತೆ, ಕೈಗೆಟುಕದಂತೆ ಇಡಿರಿ. ಪುಸ್ತಕ ಓದುವಷ್ಟು ಬೆಳಕು ಬೇಡ. ಎಚ್ಚರವಾದಾಗ ಬಾಗಿಲೆಲ್ಲಿ, ಅವ್ವನೆಲ್ಲಿ ಎಂಬುದು ಕಂಡರೆ ಸಾಕು.