ಗ್ರಾಮಿಗೆ ಸಾವಿರ ರೂಪಾಯಿ

ಚಿನಿವಾರನ ಅಂಗಡಿಯಲ್ಲಿ ತಕ್ಕಡಿಗೆ ಬಿದ್ದ ಗ್ರಾಮಿಗೆ ದುಡ್ಡು ಕೊಡುತ್ತೇವೆ. ಹಗುರ ಸೈಕಲ್ಲಿನ ಹುಚ್ಚು ಹಿಡಿದವರು ದುಡ್ಡು ಕೊಡುವುದು ತಕ್ಕಡಿಯಿಂದ ಇಳಿದುಹೋದ ಗ್ರಾಮಿಗೆ. ಒಳ್ಳೆಯ ಕಾರ್ಬನ್ ಚಕ್ರಗಳ ಜೋಡಿ ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ, ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಜರ್ಮನಿಯ ‘ಲೈಟ್‌ವೇಟ್’ ಕಂಪನಿಯ ಜೋಡಿ 1,100 ಗ್ರಾಮಿನ ಹತ್ತಿರ ಬರುತ್ತದೆ, ಬೆಲೆ ಐದು ಲಕ್ಷದ ಸುತ್ತಮುತ್ತ. ನಾನೂರು ಗ್ರಾಂ ಕಳೆಯಲು ನಾಲ್ಕು ಲಕ್ಷ! ಗ್ರಾಮಿಗೆ ಸಾವಿರದಂತೆ ತೆತ್ತು ತಂದದ್ದನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಕಂಪನಿ ಹೇಳಿದ್ದಕ್ಕಿಂತ ಎಂಟು ಗ್ರಾಂ ಜಾಸ್ತಿ ಬಂತೆಂದು ಮುಖ ಸಣ್ಣಗೆ ಮಾಡಿಕೊಳ್ಳುವವರೂ ಇದ್ದಾರೆ.

ಈ ಚಕ್ರಗಳು ಹುಟ್ಟಿದ್ದು ಮ್ಯೂನಿಕ್ ನಗರದಲ್ಲಿ, ಹೈಂಜ್ ಓಬರ್‌ಮೇಯರ್ ಮತ್ತು ರುಡಾಲ್ಫ್ ಡೀರ್ಲ್ ಎಂಬ ಇಬ್ಬರ ಕೈಯಲ್ಲಿ. ಮಾಮೂಲಿ ಚಕ್ರದಲ್ಲಿ ರಿಮ್ಮು ಬೇರೆ, ಕಡ್ಡಿ ಬೇರೆ, ಹಬ್ಬು ಬೇರೆ. ಕಡ್ಡಿಯ ತುದಿಯ ನಿಪ್ಪಲ್ ತಿರುಗಿಸಿ ಬೆಂಡು ತೆಗೆಯಬಹುದು. ಇವರ ಚಕ್ರದಲ್ಲಿ ಕಡ್ಡಿಗಳೂ ಕಾರ್ಬನ್ನಿನವೇ, ಎಲ್ಲವನ್ನೂ ಒಂದೇ ಅಂಗವೆಂಬಂತೆ ಬೆಸೆದಿರುತ್ತಾರೆ. ಬಿಗಿ ಮಾಡಲು ನಿಪ್ಪಲ್ಲೇ ಇಲ್ಲ. ಕಡ್ಡಿ ಮುರಿದರೆ ಚಕ್ರವನ್ನೇ ತಯಾರಕರಿಗೆ ಕಳಿಸಬೇಕು. ಆದರೂ ತೊಂಬತ್ತರ ದಶಕದಲ್ಲಿ ಟೂರ್ ಡಿ ಫ್ರಾನ್ಸ್‌ನ ದೊಡ್ಡ ಸವಾರರು ಪ್ರಾಯೋಜಕರು ಪುಕ್ಕಟೆ ಕೊಟ್ಟ ಚಕ್ರಗಳನ್ನು ಬದಿಗಿಟ್ಟು, ಸ್ವಂತ ದುಡ್ಡಿನಲ್ಲಿ ಇವನ್ನು ತರಿಸಿ, ಹೆಸರಿನ ಚೀಟಿ ಕಿತ್ತುಹಾಕಿ ಓಡಿಸುತ್ತಿದ್ದರು. 1996ರಲ್ಲಿ ಟೂರ್ ಗೆದ್ದ ಬ್ಯಾರ್ನ್ ರೀಸ್, 1997ರಲ್ಲಿ ಗೆದ್ದ ಯಾನ್ ಉಲ್ರಿಖ್ ಇಬ್ಬರೂ ಇವುಗಳ ಗಿರಾಕಿಗಳೇ. ಗೆದ್ದದ್ದು ಚಕ್ರದ ದೆಸೆಯಿಂದಲೇ ಎಂದುಕೊಳ್ಳಬೇಕಿಲ್ಲ. ಉದ್ದೀಪನ ಮದ್ದಿನ ನೆರವಿತ್ತೆಂದು ಇಬ್ಬರೂ ಮುಂದೆ ಒಪ್ಪಿಕೊಂಡರು.

ಚಕ್ರಕ್ಕಾಗಲಿ ಫ್ರೇಮಿಗಾಗಲಿ ಇಷ್ಟು ಬೆಲೆ ಯಾಕೆ? ದುಬಾರಿ ಸೈಕಲ್ಲನ್ನು ಯಂತ್ರವೇ ತಯಾರಿಸುತ್ತದೆ ಎಂಬುದು ನಮ್ಮ ಕಲ್ಪನೆ. ನಿಜ ಹೆಚ್ಚೂಕಡಿಮೆ ತಿರುವುಮುರುವು. 5ರಿಂದ 7 ಮೈಕ್ರಾನ್ ದಪ್ಪದ, ಕೂದಲಿಗಿಂತ ಎಷ್ಟೋ ಪಾಲು ನವುರಾದ ಕಾರ್ಬನ್ ಎಳೆಗಳನ್ನು ರಾಳದಲ್ಲಿ ಅದ್ದಿ ಹಾಳೆ ಮಾಡುತ್ತಾರೆ. ಹಾಗೇ ಬಿಟ್ಟರೆ ರಾಳ ಗಟ್ಟಿಯಾಗತೊಡಗುತ್ತದೆ, ಅದಕ್ಕೇ ಹಾಳೆಯನ್ನು ಶೀತಲ ಕೋಣೆಯಲ್ಲಿಡಬೇಕು. ಯಂತ್ರದ ಪಾತ್ರ ಅದನ್ನು ನೂರಾರು ತುಂಡಾಗಿ ಕತ್ತರಿಸುವಷ್ಟರದು. ಅಲ್ಲಿಂದಾಚೆಗೆ, ಫ್ರೇಮಾದರೆ ತೈವಾನಿನಲ್ಲೋ ಚೀನಾದಲ್ಲೋ, ಮೇಜಿನ ಮುಂದೆ ನಿಂತವರು ಒಂದೊಂದೇ ತುಂಡನ್ನು ಗೊತ್ತಾದ ಕೋನದಲ್ಲಿ ಕೈಯಿಂದ ಅಂಟಿಸುತ್ತ ಹೋಗುತ್ತಾರೆ. ಕಾರ್ಬನ್ನಿನ ಬಲವೆಲ್ಲ ಎಳೆಯ ಉದ್ದಕ್ಕೆ ಮಾತ್ರ, ಅಡ್ಡಕ್ಕೆ ಅದು ಬಡಪಾಯಿ. ಹಾಗಾಗಿ ಪೆಡಲಿನ ತಿರುಚು ತಡೆಯಲು ಒಂದು ಕೋನ, ಗುಂಡಿಯ ಕುಲುಕು ತಾಳಲು ಇನ್ನೊಂದು. ಆಮೇಲೆ ಅಚ್ಚಿನೊಳಗೆ ಕೂರಿಸಿ ಶಾಖ ಮತ್ತು ಒತ್ತಡ ಕೊಟ್ಟು ಬೇಯಿಸುತ್ತಾರೆ. ಸಾಧಾರಣ ಫ್ರೇಮಿನಲ್ಲಿ ಹಾಳೆ ಎಲ್ಲೋ ಒಂದು ಕಡೆ ಮುದುಡಿದರೂ ನಡೆಯುತ್ತದೆ, ಮೇಲೊಂದು ಪದರ ಹೆಚ್ಚಿಗೆ ಇರುತ್ತದೆ. 700 ಗ್ರಾಮಿನ ಫ್ರೇಮಿಗೆ ಆ ಹೆಚ್ಚಿನ ಪದರವೇ ಇಲ್ಲ. ಅಲ್ಲಿ ಬಳಸುವ ಬಿಗಿ ಎಳೆಗೆ ಬೆಲೆಯೂ ಜಾಸ್ತಿ, ಪೆಡಸುತನವೂ ಜಾಸ್ತಿ. ಖರೀದಿದಾರ ತೆರುವ ಹಣದ ಒಂದು ದೊಡ್ಡ ಪಾಲು ಮುದುಡದ ಆ ಕೈಕೆಲಸಕ್ಕೆ ಸಲ್ಲುತ್ತದೆ ಎಂಬುದು ನನ್ನ ತಿಳಿವಳಿಕೆ. ಉಳಿದದ್ದು ಹೆಸರಿಗೆ, ಜಾಹೀರಾತಿಗೆ, ಹಡಗಿಗೆ, ಸುಂಕಕ್ಕೆ.

ತೂಕ ಕೊರೆಯುವ ಈ ಚಪಲ ಕಾರ್ಬನ್ನಿಗಿಂತ ಹಳೆಯದು. 1972ರ ಅಕ್ಟೋಬರ್ 25ರಂದು ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ಓಡಿಸಿ ದಾಖಲೆ ಮಾಡಿದರು. ಇಟಲಿಯ ಕಾಂಬಿಯಾಗೊ ಊರಿನ ಅರ್ನೆಸ್ಟೊ ಕೊಲ್ನಾಗೊ ಅದಕ್ಕೆಂದೇ ಕಟ್ಟಿಕೊಟ್ಟ ಉಕ್ಕಿನ ಸೈಕಲ್ಲಿನ ತೂಕ ಆರು ಕೆ.ಜಿ.ಗೂ ಕಡಿಮೆ. ಹ್ಯಾಂಡಲ್ಲಿಗೆ ತೂತು, ಚೈನಿನ ಕೊಂಡಿ ಕೊಂಡಿಗೂ ತೂತು! ಬ್ರೇಕು, ಗೇರು ಎರಡೂ ಬೇಡದ ಟ್ರ್ಯಾಕ್ ಸೈಕಲ್ಲು ಅದು ಎನ್ನುವುದನ್ನೂ ಹೇಳಬೇಕು.

ಈಗಿನ ವೃತ್ತಿಪರ ಸವಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಿಂದ ಸ್ಪರ್ಧೆಯ ಸೈಕಲ್ಲು 6.8 ಕೆ.ಜಿ.ಗಿಂತ ಹಗುರ ಇರಕೂಡದೆಂದು ನಿಯಮ ಮಾಡಿದೆ. ಕಾರ್ಬನ್ ಫ್ರೇಮಿನ ತೂಕ ಇಳಿಯುತ್ತ ಹೋದಂತೆ ತಂಡದ ಮೆಕ್ಯಾನಿಕ್ಕುಗಳು ತೂಕ ಸರಿಹೊಂದಿಸಲು ಫ್ರೇಮಿನೊಳಗೆ ಲೋಹದ ತುಂಡು ಇಳಿಬಿಟ್ಟದ್ದೂ ಉಂಟು. ಹವ್ಯಾಸಿಗೆ ಈ ನಿಯಮದ ಹಂಗಿಲ್ಲ. 2014ರಲ್ಲಿ ಟ್ರೆಕ್ ಕಂಪನಿ 4.65 ಕೆ.ಜಿ.ಯ ಸೈಕಲ್ಲನ್ನು ಅಂಗಡಿಯಲ್ಲೇ ಮಾರಿತು. 2020ರಲ್ಲಿ ಸ್ಪೆಷಲೈಸ್ಡ್ ಕಂಪನಿ 585 ಗ್ರಾಮಿನ ಫ್ರೇಮಿನ ಏಥಸ್ ತಂದಾಗ, ಇದು ರೇಸಿಗಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿತು. ಟೂರ್ ಡಿ ಫ್ರಾನ್ಸ್ ಗೆಲ್ಲುವವನು ಹತ್ತುವಂತಿಲ್ಲದ ಸೈಕಲ್ಲನ್ನು ಬೆಂಗಳೂರಿನ ದಂತವೈದ್ಯರೊಬ್ಬರು ಭಾನುವಾರ ಬೆಳಿಗ್ಗೆ ಹತ್ತಬಹುದು. ಹೀಗೆ ಆಟಗಾರನಿಗಿಂತ ಮೇಲ್ಮಟ್ಟದ ಸಾಮಾನು ನೋಡುಗನಿಗೆ ಸಿಗುವ ಆಟ ಇನ್ನೊಂದು ನನಗೆ ಹೊಳೆಯುತ್ತಿಲ್ಲ.

ಹತ್ತಿ ಮಾಡುವುದೇನು? ನಂದಿ ಬೆಟ್ಟವನ್ನೇ ತೆಗೆದುಕೊಳ್ಳಿ. ಸವಾರ, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 80 ಕೆ.ಜಿ. ಎನ್ನೋಣ. ಏರಿನಲ್ಲಿ ಹೋರಾಟವೆಲ್ಲ ಬಹುಪಾಲು ಭೂಮಿಯ ಸೆಳೆತದ ಜೊತೆ. ಅರ್ಧ ಗಂಟೆಯಲ್ಲಿ ಹತ್ತುವವನ ಸೈಕಲ್ಲಿನಿಂದ ಒಂದು ಕೆ.ಜಿ. ಇಳಿದರೆ ಅವನಿಗೆ ಉಳಿಯುವುದು ಇಪ್ಪತ್ತು ಸೆಕೆಂಡ್. ಆ ನಾಲ್ಕು ಲಕ್ಷದ ನಾನೂರು ಗ್ರಾಮಿಗೆ ಎಂಟೇ ಸೆಕೆಂಡ್. ದೇವನಹಳ್ಳಿ ಕಡೆಯ ಬಯಲಿನಲ್ಲಿ ಅದೂ ಇಲ್ಲ, ಅಲ್ಲಿ ಎದುರಾಳಿ ಗಾಳಿ. ವೇಗಕ್ಕೆಂದು ಕೊಂಡೆ ಎನ್ನುವವರ ಮಾತನ್ನು ಮನೆಯವರು ನಂಬುವುದಿಲ್ಲ, ನಂಬಲೂಬಾರದು. ಆದರೆ ಏರಿನಲ್ಲಿ ಸೀಟು ಬಿಟ್ಟು ಎದ್ದು ತುಳಿದಾಗ ಇಂಥ ಸೈಕಲ್ಲು ಎಡಕ್ಕೂ ಬಲಕ್ಕೂ ಕೈಬೆರಳಿಗೇ ಬಾಗುವ ಸುಖವಿದೆಯಲ್ಲ, ಅದು ಸುಳ್ಳಲ್ಲ. ಕಬ್ಬಿಣದ ಅಟ್ಲಾಸಿನಲ್ಲಿ ಒಳಪೆಡ್ಲು ಹೊಡೆದು ಕಲಿತ ತಲೆಮಾರಿಗಂತೂ ಅದು ಬೇಗ ಗೊತ್ತಾಗುತ್ತದೆ.

ಒಂದು ಮಾತು ಮಾತ್ರ ಕಸಿವಿಸಿ ತರುತ್ತದೆ. ನಮ್ಮ ರಾಜ್ಯದ ಸೈಕ್ಲಿಂಗ್ ಪದಕಗಳು ಹೆಚ್ಚಾಗಿ ಬಂದಿರುವುದು ವಿಜಯಪುರ, ಬಾಗಲಕೋಟೆ ಸೀಮೆಯ ಹಳ್ಳಿಗಳ ಹುಡುಗ ಹುಡುಗಿಯರಿಂದ. ಅಲ್ಲಿನ ಒಕ್ಕಲು ಮನೆಗಳಲ್ಲಿ ಮಗುವಿಗೊಂದು ರೇಸ್ ಸೈಕಲ್ಲು ಹೊಂದಿಸುವುದೆಂದರೆ ಸಾಲದ ಮಾತು. ಹಾಗೆಂದು ದಂತವೈದ್ಯರು ತಮ್ಮ ಹಣಕ್ಕೆ ಲೆಕ್ಕ ಒಪ್ಪಿಸಬೇಕೆಂದೇನಲ್ಲ. ಹಳೆಯ ಸೈಕಲ್ಲನ್ನು ಮಾಡಿನಡಿ ನೇತುಹಾಕದೆ ಕೈದಾಟಿಸಿದರೆ ಸಾಕು.

ತೆಳು ಜೇಬಿನವರಿಗೂ ಈಗ ಕಾಲ ಕೆಟ್ಟದ್ದಿಲ್ಲ. ಎಲ್ಲರೂ ಡಿಸ್ಕ್ ಬ್ರೇಕಿಗೆ ಹೊರಳಿರುವುದರಿಂದ ರಿಮ್ ಬ್ರೇಕಿನ ಕಾರ್ಬನ್ ಸೈಕಲ್ಲುಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗವಾಗಿವೆ, ತಕ್ಕಡಿಯಲ್ಲಿ ಅವೇ ಹಗುರ. ಕೊಳ್ಳುವ ಮುನ್ನ ಫ್ರೇಮನ್ನು ನಾಣ್ಯದಿಂದ ಉದ್ದಕ್ಕೂ ತಟ್ಟಿ ಕೇಳಿ. ಒಂದೆಡೆ ಸದ್ದು ಬೊದ್ದಾದರೆ ಒಳಗೆ ಬಿರುಕಿರಬಹುದು, ಗೊತ್ತಿದ್ದವರಿಗೆ ತೋರಿಸಿ. ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಮಾತ್ರ ಹೊಸದನ್ನೇ ತನ್ನಿ. ಬೋಲ್ಟು ಅರ್ಧ ಸುತ್ತು ಹೆಚ್ಚಾದರೆ ಕಾರ್ಬನ್ ಸೀಳಬಹುದು.