ಬೀಗ ಹಾಕದ ಲೈಬ್ರರಿ

ಜಪಾನಿನ ಅಕಿತಾ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯದ ಲೈಬ್ರರಿಗೆ ಬೀಗ ಹಾಕುವ ವಾಡಿಕೆಯಿಲ್ಲ. ವರ್ಷದ 365 ದಿನವೂ 24 ಗಂಟೆಯೂ ವಿದ್ಯಾರ್ಥಿಗಳಿಗೆ ತೆರೆದಿರಬೇಕು ಎಂಬುದೇ ಇಲ್ಲಿನ ನಿಯಮ. ವಾಸ್ತುಶಿಲ್ಪಿ ಮಿತ್ಸುರು ಸೆಂಡಾ ರೂಪಿಸಿದ ಅರ್ಧವೃತ್ತಾಕಾರದ ಕಟ್ಟಡ. ಒಳಗೆ ಪುಸ್ತಕದ ಕಪಾಟುಗಳು ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ತಲೆಯೆತ್ತಿದರೆ ಅಕಿತಾದ್ದೇ ಸುಗಿ ಎಂಬ ಜಪಾನಿ ಸೀಡರ್ ಮರದ ತೊಲೆಗಳು, ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ.

ರಾತ್ರಿಯಿಡೀ ದೀಪ ಉರಿಸುವುದಕ್ಕೆ ಓದಿನ ಹಂಬಲವೊಂದೇ ಕಾರಣ ಎಂದು ನನಗನ್ನಿಸುವುದಿಲ್ಲ. ಕ್ಯಾಂಪಸ್ ಇರುವುದು ಅಕಿತಾ ಪೇಟೆಯಿಂದ ದೂರ, ವಿಮಾನ ನಿಲ್ದಾಣದ ಕಡೆಯ ಕಾಡಿನಲ್ಲಿ. ಚಳಿಗಾಲವೆಂದರೆ ಹಿಮವೋ ಹಿಮ. ಸಾಮಾನು ಬೇಕೆಂದರೆ ಬಸ್ಸು ಹಿಡಿಯಬೇಕು. ಇಂಥಲ್ಲಿ ಹರೆಯದವರು ಸಂಜೆ ಎಲ್ಲಿಗೆ ಹೋಗಬೇಕು?

ಇದೇ ಜಾಗದಲ್ಲಿ ಮೊದಲು ಅಮೆರಿಕದ ಮಿನೆಸೋಟ ರಾಜ್ಯ ವಿಶ್ವವಿದ್ಯಾಲಯದ ಶಾಖೆಯಿತ್ತು. ಅದು ಮುಚ್ಚಿದ ಮೇಲೆ, 2004ರಲ್ಲಿ ಅಕಿತಾ ಪ್ರಾಂತ್ಯದ ಆಡಳಿತ ಈ ವಿಶ್ವವಿದ್ಯಾಲಯವನ್ನು ತೆರೆಯಿತು. ಮೊದಲ ಅಧ್ಯಕ್ಷ ಮಿನೆಒ ನಕಾಜಿಮಾ. ಲೈಬ್ರರಿಗೆ ಈಗ ಅವರದೇ ಹೆಸರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಒಂದು ವರ್ಷ ಹೊರದೇಶದ ವಿಶ್ವವಿದ್ಯಾಲಯದಲ್ಲಿ ಓದಿ ಬರದಿದ್ದರೆ ಪದವಿಯಿಲ್ಲ, ಹೋಗಬೇಕಾದರೆ ಮೊದಲು ಇಂಗ್ಲಿಷ್ ಪರೀಕ್ಷೆಯಲ್ಲಿ ಗೆಲ್ಲಬೇಕು. ಹಾಗಾಗಿ ನಾಲ್ಕೇ ವರ್ಷಕ್ಕೆ ಎಲ್ಲರೂ ಮುಗಿಸುವುದಿಲ್ಲ. ಅದನ್ನು ಯಾರೂ ಅವಮಾನವೆಂದು ತಿಳಿಯುವಂತೆಯೂ ಇಲ್ಲ.

ಮೊದಲ ವರ್ಷ ಎಲ್ಲರಿಗೂ ಹಾಸ್ಟೆಲ್ ವಾಸ ಕಡ್ಡಾಯ. ಹೆಸರು ಕೊಮಾಚಿ: ಅಕಿತಾದವಳೆಂದು ಈ ಸೀಮೆ ಹೇಳಿಕೊಳ್ಳುವ ಒಂಬತ್ತನೆಯ ಶತಮಾನದ ಕವಯಿತ್ರಿ ಒನೊ ನೊ ಕೊಮಾಚಿಯ ನೆನಪು. ಬೇರೆ ದೇಶದಿಂದ ಬಂದವರೂ ಇಲ್ಲೇ ಉಳಿಯುತ್ತಾರೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗನಿಗೂ ರಾತ್ರಿ ದೀಪ ಯಾವಾಗ ಆರಿಸಬೇಕೆಂದು ರೂಮಿನವನ ಜೊತೆ ವಾದಿಸಲಾದರೂ ಇಂಗ್ಲಿಷ್ ಬೇಕಾಗುತ್ತದೆ.

ಇಷ್ಟೆಲ್ಲ ಪರದೇಶದ ಮಾತಾಡುವ ಈ ಮಕ್ಕಳನ್ನು ಊರಿಗೆ ಹತ್ತಿರ ತರುವುದು ಆಗಸ್ಟಿನ ಕಾಂತೊ ಹಬ್ಬ, ಲಾಟೀನು ಕಟ್ಟಿದ ಬಿದಿರುಗಳನ್ನು ಮೈಮೇಲೆ ನಿಲ್ಲಿಸಿ ತೂಗುವ ಹಬ್ಬ. ವಿಶ್ವವಿದ್ಯಾಲಯದ್ದೂ ಒಂದು ತಂಡವುಂಟು. ದೊಡ್ಡವರ ಬಿದಿರುಗಳ ಎತ್ತರ ಸುಮಾರು 12 ಮೀಟರ್, ತೂಕ 50 ಕಿಲೊ. ತೆನೆ ತೂಗಿದ ಭತ್ತದಂತೆ 46 ಲಾಟೀನು. ಆ ಬಿದಿರನ್ನು ಅಂಗೈಯಿಂದ ಹಣೆಗೆ, ಹಣೆಯಿಂದ ಹೆಗಲಿಗೆ, ಕೊನೆಗೆ ಸೊಂಟಕ್ಕೆ ದಾಟಿಸಬೇಕು, ಕೈ ಬಿಟ್ಟು. ಸುತ್ತಲವರು ‘ದೊಕ್ಕೊಯ್ಶೊ, ದೊಕ್ಕೊಯ್ಶೊ’ ಎಂದು ಕೂಗುತ್ತಾರೆ. ಬಿದಿರು ವಾಲಿ ಬಿದ್ದರೆ ಲಾಟೀನುಗಳೊಳಗಿನ ಮೋಂಬತ್ತಿಗಳು ಆರುತ್ತವೆ. ತಂಡದವರು ಕೂತು ಒಂದೊಂದನ್ನೇ ಮತ್ತೆ ಹಚ್ಚುತ್ತಾರೆ.