ಸಂಘದ ಕಂಪ್ಯೂಟರಿಗೂ ಬೀಗ ಬೇಕು



ಮೈಸೂರಿನ ಮೇಟಗಳ್ಳಿಯಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯವಿದೆ. ಅಲ್ಲೇ ಸಮೀಪದ ಹೆಬ್ಬಾಳದಲ್ಲಿ ಇನ್ಫೋಸಿಸ್ ಕಂಪನಿಯ ತರಬೇತಿ ಕೇಂದ್ರವಿದೆ. ಎರಡು ಕಡೆಯೂ ಗೇಟಿನಲ್ಲಿ ಬಿಗಿ ಕಾವಲು. ಒಂದು ಕಡೆ ಕಾಯುವುದು ನೋಟನ್ನು, ಇನ್ನೊಂದು ಕಡೆ ಹೆಚ್ಚಾಗಿ ಮಾಹಿತಿಯನ್ನು. ಮಾಹಿತಿಯನ್ನೂ ಹಣದಷ್ಟೇ ಜೋಪಾನ ಮಾಡಬೇಕೆಂಬುದನ್ನು ಪಟ್ಟಣದ ಕಂಪನಿಗಳು ನಷ್ಟಪಟ್ಟು ಕಲಿತಿವೆ.

ಇದೇ ಮಾತು ಹಳ್ಳಿಯ ಸಹಕಾರ ಸಂಘಕ್ಕೂ ರೈತ ಉತ್ಪಾದಕರ ಕಂಪನಿಗೂ ಸಲ್ಲುತ್ತದೆ. ಗೊಬ್ಬರದ ಗೋದಾಮಿಗೆ ಎರಡು ಬೀಗ ಜಡಿಯುವ ಸಂಘಗಳಲ್ಲಿ ಕಂಪ್ಯೂಟರಿನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿರುವುದನ್ನು ಕಾಣಬಹುದು. ಗೋದಾಮಿನಿಂದ ನಾಲ್ಕು ಮೂಟೆ ಹೋದರೆ ಸಂಘಕ್ಕೆ ನಷ್ಟ. ಕಂಪ್ಯೂಟರಿನಿಂದ ಕಡತ ಹೋದರೆ ಪ್ರತಿಯೊಬ್ಬ ಸದಸ್ಯನ ಮನೆಗೂ ನಷ್ಟ.

ಕಂಪ್ಯೂಟರಿನಲ್ಲಿ ಏನಿದೆ?

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಮಂಜೂರಾತಿ ನೀಡಿತು. ದೇಶದ 63,000 ಸಂಘಗಳಿಗೆಂದು 2,516 ಕೋಟಿ ರೂಪಾಯಿಯ ಯೋಜನೆ ಅದು. ಮೊದಲು ದಪ್ಪ ರಟ್ಟಿನ ಲೆಡ್ಜರಿನಲ್ಲಿದ್ದ ಲೆಕ್ಕ ಈಗ ಕಂಪ್ಯೂಟರಿಗೆ ಬರುತ್ತಿದೆ. ನಿಮ್ಮ ಹೆಸರು, ಸರ್ವೆ ನಂಬರು, ಪಹಣಿಯ ವಿವರ, ಆಧಾರ್ ಸಂಖ್ಯೆ, ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ, ಸಾಲದ ಬಾಕಿ ಎಲ್ಲವೂ ಒಂದೇ ಕಡೆ ಸೇರುತ್ತವೆ. ಲೆಡ್ಜರ್ ಕದಿಯುವವನು ಸಂಘದ ಬಾಗಿಲಿಗೇ ಬರಬೇಕಿತ್ತು. ಕಂಪ್ಯೂಟರಿನ ಕಡತ ಕದಿಯುವವನು ಊರಿಗೆ ಕಾಲಿಡಬೇಕಾಗಿಲ್ಲ.

ಹೆಬ್ಬೆಟ್ಟು ಕಳುವಾದ ಬಗೆ

2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದುದನ್ನು ನೋಡಿ. ಜಮೀನು, ನಿವೇಶನ ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಯಿಂದ ಹಣ ಮಾಯವಾಗತೊಡಗಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ದೂರುಗಳು ದಾಖಲಾದವು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ಕ್ರಯಪತ್ರಗಳ ಪ್ರತಿ ಪಡೆದು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸಿ ಹಣ ತೆಗೆದಿದ್ದರೆಂಬುದು ತನಿಖೆಯಲ್ಲಿ ಕಂಡುಬಂತು.

ಆಧಾರ್ ಆಧಾರಿತ ಪಾವತಿ ಪದ್ಧತಿಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇವು ಮೂರಿದ್ದರೆ ಸಣ್ಣ ಯಂತ್ರದ ಮೇಲೆ ಹಣ ಪಡೆಯಬಹುದು. ಒಮ್ಮೆಗೆ 10,000 ರೂಪಾಯಿಯವರೆಗೆ ಸಿಗುತ್ತದೆ. ಬ್ಯಾಂಕಿಲ್ಲದ ಊರಿನ ವೃದ್ಧರಿಗೆ ಇದು ದೊಡ್ಡ ಅನುಕೂಲ. ಆದರೆ ಆ ಮೂರೂ ಕಳ್ಳನ ಕೈಗೆ ಸಿಕ್ಕರೆ ಅವನಿಗೂ ಅಷ್ಟೇ ಅನುಕೂಲ. ಆ ಬಳಿಕ ನೋಂದಣಿ ಇಲಾಖೆಯು ದಾಖಲೆಗಳಲ್ಲಿ ಹೆಬ್ಬೆಟ್ಟು ಹಾಗೂ ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು.

ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸಲಾಗದು. ಆದ್ದರಿಂದ ಸದಸ್ಯರ ಹೆಬ್ಬೆಟ್ಟು ಮತ್ತು ಆಧಾರ್ ಸಂಖ್ಯೆ ಎರಡೂ ಇರುವ ಕಾಗದ ಅಥವಾ ಕಡತವನ್ನು ಸಂಘವು ಚಿನ್ನದ ಒಡವೆಯಂತೆ ಕಾಪಾಡತಕ್ಕದ್ದು.

ವ್ಯಾಪಾರದ ಗುಟ್ಟು

ಹಣ ಮಾತ್ರವಲ್ಲ, ಬೆಲೆಯೂ ಮಾಹಿತಿಯ ಮೇಲೆ ನಿಂತಿದೆ. ಮಾರುಕಟ್ಟೆಯ ಇ-ಟೆಂಡರಿನಲ್ಲಿ ಒಬ್ಬ ವರ್ತಕನ ದರ ಇನ್ನೊಬ್ಬನಿಗೆ ತಿಳಿಯದಿರುವುದೇ ರೈತನಿಗೆ ಲಾಭ. ತಿಳಿದರೆ ಎಲ್ಲರೂ ಕೂಡಿ ದರ ಇಳಿಸುತ್ತಾರೆ. ನಿಮ್ಮ ರೈತ ಕಂಪನಿಯ ಗೋದಾಮಿನಲ್ಲಿ ಎಷ್ಟು ಕ್ವಿಂಟಾಲ್ ರಾಗಿ ಇದೆ, ಯಾವ ಸದಸ್ಯನ ಸಾಲದ ಗಡುವು ಯಾವ ದಿನ ಎಂಬುದು ವರ್ತಕನಿಗೆ ಮೊದಲೇ ಗೊತ್ತಾದರೆ ಅವನು ನಾಲ್ಕು ದಿನ ಸುಮ್ಮನೆ ಕಾಯುತ್ತಾನೆ. ಕೊನೆಗೆ ರೈತನೇ ಸೋತು ಕೊಡುತ್ತಾನೆ. ಇಂತಹ ಸೋರಿಕೆಯಲ್ಲಿ ಪೊಲೀಸ್ ದೂರಿಗೂ ಅವಕಾಶವಾಗದು, ನಷ್ಟವಾದುದೇ ತಿಳಿಯುವುದಿಲ್ಲ.

ದೊಡ್ಡವರಿಗೂ ತಪ್ಪಿಲ್ಲ

ಸರ್ಕಾರದ ವ್ಯವಸ್ಥೆಗೂ ಕನ್ನ ಬಿದ್ದಿದೆ. 2019ರಲ್ಲಿ ಕರ್ನಾಟಕದ ಇ-ಪ್ರೊಕ್ಯೂರ್‌ಮೆಂಟ್ ತಾಣಕ್ಕೆ ಕನ್ನ ಹಾಕಿ, ಗುತ್ತಿಗೆದಾರರು ಇಟ್ಟಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ತಿರುಗಿಸಲಾಯಿತು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಾಂಶ ಕಂಪನಿಗೆ ಧಕ್ಕೆ ತಗುಲಿತು. ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ತಾತ್ಕಾಲಿಕವಾಗಿ ನಿಂತುಹೋಯಿತು. ಅವುಗಳಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೂ ಇದ್ದವು. ಕಡತಗಳಿಗೆ ಗುಪ್ತ ಬೀಗ ಜಡಿದು, ತೆರೆಯಲು ಹಣ ಕೇಳುವ ರ‍್ಯಾನ್ಸಮ್‌ವೇರ್ ಎಂಬ ಉಪದ್ರವ ಅದು. ತಂತ್ರಾಂಶ ಹಾಕಿಕೊಟ್ಟವರ ಮನೆಯ ಬಾಗಿಲು ತೆರೆದಿದ್ದರೆ ನಮ್ಮ ಮನೆಗೂ ಅಪಾಯ ಎಂಬುದು ಇದರ ಪಾಠ.

ಭೂಮಿ ಯೋಜನೆಯ ಮಾದರಿ

ಒಳ್ಳೆಯ ಉದಾಹರಣೆಯೂ ನಮ್ಮಲ್ಲಿದೆ. ಕೈಬರಹದ ಪಹಣಿಯ ಕಾಲದಲ್ಲಿ ಯಾರು, ಯಾವಾಗ ತಿದ್ದಿದರೆಂದು ಹೇಳುವುದು ಕಷ್ಟವಾಗಿತ್ತು. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿದಾಗ, ತಂತ್ರಾಂಶ ತೆರೆಯಲು ಸಿಬ್ಬಂದಿ ತಮ್ಮ ಬೆರಳಚ್ಚನ್ನೇ ಒತ್ತಬೇಕೆಂದು ಮಾಡಲಾಯಿತು. ತಿದ್ದುಪಡಿ ಮಾಡಿದವರು 'ನಾನಲ್ಲ' ಎನ್ನುವಂತಿಲ್ಲ. ಸಂಘಕ್ಕೂ ಇದೇ ಸೂತ್ರ ಸಾಕು: ಪ್ರತಿ ಕೈಗೂ ಬೇರೆ ಬೀಗದ ಕೈ, ಪ್ರತಿ ಕೆಲಸಕ್ಕೂ ಒಂದು ದಾಖಲೆ.

ಸಂಘ ಕೈಗೊಳ್ಳಬೇಕಾದ ಕ್ರಮಗಳು

1. ಕಾರ್ಯದರ್ಶಿ, ಗುಮಾಸ್ತ, ಮಾರಾಟದ ಸಹಾಯಕ ಎಲ್ಲರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಗೊಬ್ಬರ ಮಾರುವವರಿಗೆ ಸಾಲದ ಕಡತ ಕಾಣಬೇಕಾಗಿಲ್ಲ.

2. ಪಾಸ್‌ವರ್ಡ್ ಉದ್ದವಾಗಿರಲಿ. ಸಂಘದ ಹೆಸರು, ಊರಿನ ಹೆಸರು, ಹುಟ್ಟಿದ ದಿನ ಬೇಡ. ತಂತ್ರಾಂಶದಲ್ಲಿ ಒಟಿಪಿಯ ಎರಡನೇ ತಪಾಸಣೆ ಇದ್ದರೆ ತಪ್ಪದೆ ಬಳಸಿರಿ.

3. ಹಣ ವರ್ಗಾವಣೆಗೆ ಇಬ್ಬರ ಒಪ್ಪಿಗೆ ಕಡ್ಡಾಯ ಮಾಡಿರಿ. ನಮೂದಿಸುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು.

4. ಕೆಲಸ ಬಿಟ್ಟವರ ಪಾಸ್‌ವರ್ಡನ್ನು ಅದೇ ದಿನ ರದ್ದು ಮಾಡಿರಿ. ಗೋದಾಮಿನ ಬೀಗದ ಕೈ ವಾಪಸು ಪಡೆಯುವಾಗಲೇ ಇದನ್ನೂ ಮುಗಿಸಿರಿ.

5. ವಾರಕ್ಕೊಮ್ಮೆ ಕಡತಗಳ ನಕಲನ್ನು ಬೇರೆ ಹಾರ್ಡ್‌ಡಿಸ್ಕಿಗೆ ತೆಗೆದು, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೇರೆ ಕಡೆ ಭದ್ರವಾಗಿಡಿರಿ. ಬಿತ್ತನೆ ಬೀಜವನ್ನು ತಿನ್ನುವ ಕಾಳಿನ ಜೊತೆ ಇಡುವುದಿಲ್ಲವಷ್ಟೆ? ಸದಾ ಜೋಡಿಸಿಯೇ ಇದ್ದರೆ ನಕಲಿಗೂ ಅದೇ ಗುಪ್ತ ಬೀಗ ಬೀಳುತ್ತದೆ. ಆಗಾಗ ನಕಲು ತೆರೆಯುತ್ತದೆಯೇ ಎಂದೂ ಪರೀಕ್ಷಿಸಿರಿ.

6. ಕದ್ದ ಪ್ರತಿಯ ತಂತ್ರಾಂಶ, ಗುರುತಿಲ್ಲದವರ ಪೆನ್‌ಡ್ರೈವ್ ಬೇಡ. ತಂತ್ರಾಂಶದ ಹೊಸ ತಿದ್ದುಪಡಿಗಳನ್ನು ಮುಂದೂಡಬೇಡಿ.

7. ದುರಸ್ತಿಯವರು ದೂರದಿಂದಲೇ ಕಂಪ್ಯೂಟರ್ ನಡೆಸುವಾಗ ಒಬ್ಬರು ಎದುರಿಗೇ ಕುಳಿತಿರಿ. ಕೆಲಸ ಮುಗಿದ ಕೂಡಲೇ ಆ ಸಂಪರ್ಕ ಮುಚ್ಚಿಸಿರಿ.

8. ಸದಸ್ಯರ ಆಧಾರ್ ಪ್ರತಿಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹಳೆಯ ಜೆರಾಕ್ಸ್ ಕಾಗದಗಳನ್ನು ತೂಕಕ್ಕೆ ಮಾರಬೇಡಿ. ಕಡಲೆಕಾಯಿ ಪೊಟ್ಟಣವಾಗಿ ನಿಮ್ಮ ಹೆಬ್ಬೆಟ್ಟು ಸಂತೆ ಸೇರಬಾರದು. ಹರಿದು ಸುಟ್ಟುಬಿಡಿ.

ಸದಸ್ಯರು ಮಾಡಬೇಕಾದುದು

ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ನಡೆಯುವುದೇ ಎಂದು ಕೇಳಿರಿ. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿದ್ದೆಂದು ಬರೆದು ಸಹಿ ಹಾಕಿರಿ.

ಎಂಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಇದಕ್ಕೆ ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಣೆಯಾಗಿರಬೇಕು. ಬೀಗ ಹಾಕಿದ ಮೇಲೆ ಪಡಿತರ ಅಂಗಡಿಯಲ್ಲಿ ಬೆರಳು ಒತ್ತಿದರೂ ಒಪ್ಪುವುದಿಲ್ಲ. ಅಂದು ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕು ಎಂಬುದನ್ನು ಮನೆಯ ಹಿರಿಯರಿಗೆ ತಿಳಿಸಿಕೊಡಿ.

ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತವನ್ನು ಮುಟ್ಟಬೇಡಿ. ಅದನ್ನು ತೆರೆದರೆ ನಿಮ್ಮ ಫೋನಿಗೆ ಬರುವ ಒಟಿಪಿ ಕಳ್ಳನಿಗೂ ತಲುಪುವ ಅಪಾಯವಿದೆ.

ಕಳುವಾದರೆ

ತಡ ಮಾಡದೆ 1930ಕ್ಕೆ ಕರೆ ಮಾಡಿರಿ. ಇದು ದೇಶಕ್ಕೆಲ್ಲ ಒಂದೇ ಸಂಖ್ಯೆ. ಬೇಗ ತಿಳಿಸಿದಷ್ಟೂ ಹಣ ಕೈ ದಾಟುವ ಮೊದಲೇ ತಡೆಯುವ ಅವಕಾಶ ಹೆಚ್ಚು. ಬಳಿಕ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ರಸೀದಿ ಪಡೆಯಿರಿ. ತಪ್ಪು ನಿಮ್ಮದಾಗಲೀ ಬ್ಯಾಂಕಿನದಾಗಲೀ ಅಲ್ಲದೆ ಹೊರಗಿನವರ ಕನ್ನದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆ ಇಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ನಿಯಮ ಮಾಡಿದೆ. ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಕಳುವು ಸಂಘದ ಕಂಪ್ಯೂಟರಿನಿಂದಲೇ ಆಗಿದ್ದರೆ ಆಡಳಿತ ಮಂಡಳಿ ಅದನ್ನು ಮುಚ್ಚಿಡಬಾರದು. ಸದಸ್ಯರಿಗೆ ಅಂದೇ ತಿಳಿಸಿದರೆ ಅವರು ತಮ್ಮ ಖಾತೆಗಳನ್ನು ಕಾಪಾಡಿಕೊಳ್ಳುತ್ತಾರೆ. ಮಾನ ಹೋದೀತೆಂದು ಸುಮ್ಮನಿದ್ದರೆ ಮಾನವೂ ಹೋಗುತ್ತದೆ, ಹಣವೂ ಹೋಗುತ್ತದೆ.

ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೂಕ್ತ ರಕ್ಷಣೆ ಮಾಡದವರಿಗೆ 250 ಕೋಟಿ ರೂಪಾಯಿಯವರೆಗೂ ದಂಡ ಹೇಳಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ ಆಗಿನಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಆದರೆ ದಂಡದ ಭಯಕ್ಕಿಂತ ಸದಸ್ಯರ ಎಚ್ಚರವೇ ಹೆಚ್ಚು ಫಲಕಾರಿ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಲಾಭಾಂಶದ ಪ್ರಶ್ನೆಯೊಡನೆ ಈ ಮೂರನ್ನೂ ಕೇಳಿರಿ: ನಮ್ಮ ಕಡತಗಳನ್ನು ಯಾರು ಯಾರು ತೆರೆಯಬಲ್ಲರು? ಕಡತಗಳ ನಕಲು ಎಲ್ಲಿದೆ? ಕಳುವಾದರೆ ನಮಗೆ ಹೇಳುವವರು ಯಾರು? ಉತ್ತರವನ್ನು ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿರಿ.